ನಿಮಗಿದು ಗೊತ್ತೆ? ರೈಲಿನಡಿಯ ಶೌಚ ತೊಟ್ಟಿ
ಕೃಷ್ಣರಾಜನಗರ ನಿಲ್ದಾಣದಲ್ಲಿ ರೈಲು ನಿಂತಾಗ ಬೋಗಿಯ ಅಡಿ ನೋಡಿ. ಶೌಚಾಲಯದ ಕೆಳಗೆ ಸ್ಟೀಲ್ ತೊಟ್ಟಿಯೊಂದು ನೇತಾಡುತ್ತಿರುತ್ತದೆ. ಅದೇ ಬಯೋ ಟ್ಯಾಂಕ್. ಹಿಂದೆ ಹಳಿಯ ಮೇಲೆ ಬೀಳುತ್ತಿದ್ದ ಮಲ ಈಗ ಇದರೊಳಗೆ ಸೇರುತ್ತದೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ ಈ ವ್ಯವಸ್ಥೆಯಲ್ಲಿ, ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಮಲವನ್ನು ನೀರು, ಅನಿಲವಾಗಿ ಮಾರ್ಪಡಿಸುತ್ತವೆ.

ನೀರಿನ ಬಾಟಲಿ, ಗುಟ್ಕಾ ಪೊಟ್ಟಣ, ಪ್ಯಾಡ್ ಶೌಚಾಲಯಕ್ಕೆ ಹಾಕಿದರೆ ದಾರಿ ಕಟ್ಟುತ್ತದೆ. ಅದನ್ನು ಬಿಡಿಸಬೇಕಾದವರೂ ನಮ್ಮಂಥ ಮನುಷ್ಯರೇ, ದಯವಿಟ್ಟು ಹಾಕಬೇಡಿ.

ತೊಟ್ಟಿ ಸೀಳು ಬಿಟ್ಟರೆ ದುರಸ್ತಿಗೆ ಮೊದಲು ಪೂರ್ತಿ ಖಾಲಿ ಮಾಡಿ ತೊಳೆಯಬೇಕು, ಬೆಸುಗೆ ಆಮೇಲೆ. ಒಳಗೆ ಮೀಥೇನ್ ಉಳಿದಿದ್ದರೆ ಸ್ಫೋಟಕ್ಕೆ ಒಂದು ಕಿಡಿ ಸಾಕು. ಮರಳಿ ಜೋಡಿಸಿದ ಮೇಲೆ ಬ್ಯಾಕ್ಟೀರಿಯಾ ದ್ರಾವಣ ತುಂಬದಿದ್ದರೆ ಅದು ಬರೀ ಡಬ್ಬ.

ವಿದೇಶದ ಕ್ಯಾರವಾನ್ ಎಂಬ ಮನೆ-ಗಾಡಿಗಳಲ್ಲಿ ಶೌಚದ ತೊಟ್ಟಿ ಸಾಮಾನ್ಯವಾಗಿ ಪ್ಲಾಸ್ಟಿಕ್‌ನದು. ಅದು ಪಾಲಿಥೀನ್ ಆಗಿದ್ದರೆ ಬಿರುಕಿಗೆ ಮಾಮೂಲಿ ಅಂಟು ನಿಲ್ಲುವುದಿಲ್ಲ. ಅದೇ ಪ್ಲಾಸ್ಟಿಕ್ಕಿನ ಕಡ್ಡಿ ಕರಗಿಸಿ ಬೆಸೆಯಬೇಕು. ಹುಣಸೂರಿನ ತಾರಸಿಗಳ ಮೇಲಿರುವ ಕಪ್ಪು ನೀರಿನ ಟ್ಯಾಂಕಿಗೂ ಇದೇ ಉಪಾಯ.

ಮನೆಯ ಸೆಪ್ಟಿಕ್ ಟ್ಯಾಂಕ್ ಬಿರುಕು ಬಿಟ್ಟರೆ ಯಾರನ್ನೂ ಒಳಗಿಳಿಸಬೇಡಿ. ಒಳಗಿನ ವಿಷಾನಿಲ ಕ್ಷಣದಲ್ಲಿ ಪ್ರಾಣ ತೆಗೆಯಬಹುದು. ಸುರಕ್ಷಾ ಸಾಧನವಿಲ್ಲದೆ ಶುಚಿಗೊಳಿಸಲು ಇಳಿಸುವುದು, ಕೈಯಿಂದ ಮಲ ಬಳಿಸುವುದನ್ನು ನಿಷೇಧಿಸುವ 2013ರ ಕಾಯ್ದೆಯಡಿ ಅಪರಾಧ. ಹೀರುವ ಯಂತ್ರದ ಗಾಡಿ ಕರೆಸಿ.