ತುಕ್ಕನ್ನೇ ಹೊದ್ದ ಉಕ್ಕು, ಕಡಲ ಉಪ್ಪು

ತಪ್ಪು ಕಲ್ಪನೆ: ಕಾರ್ಟೆನ್ ಎಂದರೆ ತುಕ್ಕು ಹಿಡಿಯದ ಉಕ್ಕು.

ವಾಸ್ತವ: ಹಿಡಿಯುತ್ತದೆ, ಹಿಡಿಯಲೆಂದೇ ಮಾಡಿದ್ದು. ಅಮೆರಿಕದ ಯು.ಎಸ್. ಸ್ಟೀಲ್ ಕಂಪನಿ 1930ರ ದಶಕದಲ್ಲಿ ಮಾರುಕಟ್ಟೆಗೆ ತಂದ ಈ ಉಕ್ಕಿನಲ್ಲಿ ತಾಮ್ರ, ಕ್ರೋಮಿಯಂ, ರಂಜಕ ಸ್ವಲ್ಪಸ್ವಲ್ಪ ಬೆರೆತಿವೆ. ಮಳೆಗೆ ನೆನೆದು, ಬಿಸಿಲಿಗೆ ಒಣಗಿ ಕೆಲವು ವರ್ಷ ಕಳೆದರೆ ಮೇಲಿನ ತುಕ್ಕೇ ಒತ್ತಾಗಿ ಕೂತು ಒಳಗಿನ ಲೋಹವನ್ನು ಕಾಯುತ್ತದೆ. ನೆನೆದದ್ದು ಒಣಗಬೇಕು, ಅದೇ ಷರತ್ತು.

ತಪ್ಪು ಕಲ್ಪನೆ: ಹಾಗಿದ್ದರೆ ಕಡಲತೀರಕ್ಕೂ ಸರಿ, ಬಣ್ಣದ ಖರ್ಚು ಉಳಿಯಿತು.

ವಾಸ್ತವ: ಹೊನೊಲುಲುವಿನ ಅಲೋಹಾ ಸ್ಟೇಡಿಯಂ ಕಟ್ಟಿದವರ ಲೆಕ್ಕವೂ ಇದೇ ಇತ್ತು. 1975ರಲ್ಲಿ ತೆರೆದ ಆ ಕ್ರೀಡಾಂಗಣದ ಉಕ್ಕಿನ ತುಕ್ಕು ನಿಲ್ಲಲೇ ಇಲ್ಲ. ದುರಸ್ತಿಗೆ ಹಣ ಸುರಿಯುತ್ತಲೇ ಇರಬೇಕಾಯಿತು. ಅದು ತೆರೆದ ಎರಡು ವರ್ಷದ ನಂತರ, ಕಡಲಿನಿಂದ ದೂರದ ವೆಸ್ಟ್ ವರ್ಜೀನಿಯಾದಲ್ಲಿ ಇದೇ ಜಾತಿಯ ಉಕ್ಕಿನಿಂದ ಎದ್ದ ನ್ಯೂ ರಿವರ್ ಗಾರ್ಜ್ ಸೇತುವೆ ಬಣ್ಣವಿಲ್ಲದೆಯೇ ನಿಂತಿದೆ.

ಕಾರಣ ನಮ್ಮ ಅಡುಗೆಮನೆಯಲ್ಲೇ ಇದೆ. ಮಳೆಗಾಲದಲ್ಲಿ ಭರಣಿಯ ಉಪ್ಪು ತಾನಾಗಿ ನೀರೊಡೆಯುತ್ತದಲ್ಲ? ಗಾಳಿಯ ತೇವ ಶೇ 75 ದಾಟಿದರೆ ಶುದ್ಧ ಉಪ್ಪು ಕರಗತೊಡಗುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಷಿಯಂ ಕ್ಲೋರೈಡಿಗೆ ಅದರ ಅರ್ಧದಷ್ಟು ತೇವವೂ ಬೇಡ. ಉಪ್ಪು ಕೂತ ಉಕ್ಕು ಒಣಗುವುದೇ ಇಲ್ಲ. ಮೇಲಾಗಿ ಕ್ಲೋರೈಡ್ ಸೇರಿದ ತುಕ್ಕು ಸಡಿಲ, ಹಪ್ಪಳದಂತೆ ಪದರು ಪದರಾಗಿ ಏಳುತ್ತದೆ. ಜಪಾನಿನಲ್ಲಿ ಬಣ್ಣವಿಲ್ಲದ ಸೇತುವೆಗೆ ಇಟ್ಟುಕೊಂಡ ಮಿತಿ 100 ಚದರ ಸೆಂಟಿಮೀಟರಿಗೆ ದಿನಕ್ಕೆ 0.05 ಮಿಲಿಗ್ರಾಂ ಉಪ್ಪು. ಅಷ್ಟೇ!

ತಪ್ಪು ಕಲ್ಪನೆ: ಮಳೆ ಬಡಿಯುವ ಕಡೆಯೇ ಮೊದಲು ಕೆಡುವುದು.

ವಾಸ್ತವ: ತೀರದಲ್ಲಿ ಸಾಮಾನ್ಯವಾಗಿ ತಿರುವುಮುರುವು. ಮಳೆ ಉಪ್ಪನ್ನು ತೊಳೆದುಬಿಡುತ್ತದೆ. ಕೆಡುವುದು ತೊಲೆಯ ಅಡಿಭಾಗ, ಮೂಲೆ, ಸಂದು.

ತಪ್ಪು ಕಲ್ಪನೆ: ಕೆಟ್ಟ ಮೇಲೆ ಉಜ್ಜಿ ಬಣ್ಣ ಬಳಿದರಾಯಿತು.

ವಾಸ್ತವ: ಉಪ್ಪು ತುಕ್ಕಿನ ಗುಳಿಗಳ ತಳದಲ್ಲಿ ಅಡಗಿರುತ್ತದೆ. ಮರಳು ರಭಸದಿಂದ ಎರಚಿ (ಸ್ಯಾಂಡ್ ಬ್ಲಾಸ್ಟಿಂಗ್) ಫಳಫಳ ಹೊಳೆಸಿದರೂ ಅದು ಪೂರ್ತಿ ಹೋಗದು. ಬಣ್ಣದಡಿ ನೀರೆಳೆದು ಬೊಕ್ಕೆ ಎಬ್ಬಿಸುತ್ತದೆ. ಸಿಹಿನೀರಿನಲ್ಲಿ ತೊಳೆದು, ಬ್ಲಾಸ್ಟ್ ಮಾಡಿ, ಉಳಿದ ಉಪ್ಪನ್ನು ಅಳೆದು ನೋಡಿದ ಮೇಲೆಯೇ ಸತುವಿನ ಪ್ರೈಮರ್, ಎಪಾಕ್ಸಿ, ಪಾಲಿಯುರೆಥೇನ್ ಬಣ್ಣಗಳ ಸರದಿ. ಚೂಪು ಅಂಚಿನಲ್ಲಿ ಬಣ್ಣ ತೆಳುವಾಗುವುದರಿಂದ ಅಂಚು, ಬೋಲ್ಟುಗಳಿಗೆ ಬ್ರಷ್ಷಿನಲ್ಲಿ ಒಂದು ಕೋಟು ಹೆಚ್ಚಿಗೆ. ಗುತ್ತಿಗೆದಾರರು ಹಾರಿಸಲು ನೋಡುವುದು ಈ ತೊಳೆಯುವ, ಅಳೆಯುವ ಕೆಲಸವನ್ನೇ.

ತಪ್ಪು ಕಲ್ಪನೆ: ಬಣ್ಣ ಬಳಿಯುವುದಾದರೆ ಈ ಉಕ್ಕೇ ದಂಡ.

ವಾಸ್ತವ: ಪಣಂಬೂರಿನ ಬಂದರಿನಲ್ಲಿ ಪೇರಿಸಿಟ್ಟ ಕಂಟೇನರುಗಳನ್ನು ನೋಡಿ. ಹಡಗಿನ ಕಂಟೇನರುಗಳನ್ನು ಸಾಮಾನ್ಯವಾಗಿ ಮಾಡುವುದೇ ಈ ಜಾತಿಯ ಉಕ್ಕಿನಿಂದ, ಅದಕ್ಕೆ ಬಣ್ಣವೂ ಉಂಟು. ತಾಗಿ ಬಣ್ಣ ಎದ್ದಲ್ಲಿ ತುಕ್ಕು ಬರುತ್ತದೆ, ಸಾದಾ ಉಕ್ಕಿನಷ್ಟು ಬೇಗ ಹರಡುವುದಿಲ್ಲ.