ತೇರು ಹೊರಟ ಮೇಲೆ ಬಂದ ಬೀಬರ್

2017ರ ಮೇ 27ರ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ‘ಡೆಸ್ಪಾಸಿಟೊ’ ಮೊದಲ ಸ್ಥಾನಕ್ಕೇರಿ 16 ವಾರ ಅಲ್ಲೇ ಬೇರೂರಿತು. ಬಹುಪಾಲು ಸ್ಪ್ಯಾನಿಷ್‌ನಲ್ಲಿರುವ ಹಾಡೊಂದು ಅಮೆರಿಕದ ಆ ಪಟ್ಟಿಯ ನೆತ್ತಿ ಮುಟ್ಟಿದ್ದು 1996ರ ‘ಮಕರೆನಾ’ದ ನಂತರ ಅದೇ ಮೊದಲು. ಪೋರ್ಟೊ ರಿಕೊದ ಲೂಯಿಸ್ ಫಾನ್ಸಿ ಮತ್ತು ಡ್ಯಾಡಿ ಯಾಂಕಿ ಹಾಡಿದ್ದ ಇದಕ್ಕೆ ಕೆನಡಾದ ಜಸ್ಟಿನ್ ಬೀಬರ್ ದನಿಗೂಡಿಸಿದ್ದು ಏಪ್ರಿಲ್‌ನಲ್ಲಿ. ಗೆದ್ದದ್ದು ಬೀಬರ್‌ನಿಂದ ಎನ್ನುವವರು ಇಂದಿಗೂ ಇದ್ದಾರೆ. ತೇರು ಹೊರಟ ಮೇಲೆ ಮಿಣಿ ಹಿಡಿದವನನ್ನೇ ತೇರು ಕಟ್ಟಿದವನೆಂದು ಕರೆದಂತಾಯಿತು ಅದು.

ಜನವರಿಯಲ್ಲಿ ಬಂದ ಮೂಲ ಹಾಡು ಹಾಟ್ 100ಕ್ಕೆ 88ನೇ ಸ್ಥಾನದಲ್ಲಿ ಕಾಲಿಟ್ಟು, ಬೀಬರ್ ಬರುವ ಹೊತ್ತಿಗೆ 44ನ್ನು ಮುಟ್ಟಿತ್ತು. ಲ್ಯಾಟಿನ್ ಹಾಡುಗಳ ಪಟ್ಟಿಯಲ್ಲಂತೂ ಆಗಲೇ ಮೊದಲನೆಯದು. ಸಾನ್ ಹುವಾನ್‌ನ ಕಡಲಂಚಿನ ಲಾ ಪೆರ್ಲಾ ಬಡಾವಣೆಯಲ್ಲಿ ಚಿತ್ರಿಸಿದ ವಿಡಿಯೊ 97 ದಿನಗಳಲ್ಲಿ 100 ಕೋಟಿ ವೀಕ್ಷಣೆ ದಾಟಿತು. ಬೀಬರ್ ಇರುವ ರೀಮಿಕ್ಸ್ ಹೊರಬಂದದ್ದೂ ಅದೇ ವಾರ. ಆಗಸ್ಟ್‌ನಲ್ಲಿ ಯೂಟ್ಯೂಬ್‌ನ ಅತಿ ಹೆಚ್ಚು ವೀಕ್ಷಣೆಯ ವಿಡಿಯೊ ಎನಿಸಿಕೊಂಡದ್ದು ಬೀಬರ್ ಸುಳಿವೇ ಇಲ್ಲದ ಆ ಮೂಲವೇ. ನಿಜವಾದ ಜೊತೆಗಾರಿಕೆ ನಡೆದದ್ದು ಅದರೊಳಗೆ. ಫಾನ್ಸಿ ಪ್ರೇಮಗೀತೆಗಳ ಗಾಯಕ. ಯಾಂಕಿ ಬಂದದ್ದು 1990ರ ದಶಕದಲ್ಲಿ ಪೊಲೀಸರು ಕ್ಯಾಸೆಟ್ ಜಪ್ತಿ ಮಾಡುತ್ತಿದ್ದ ಕೇರಿಗಳ ಸಂಗೀತದಿಂದ. ಹಾಡು ಶುರುವಾಗುವುದು ದ್ವೀಪದ ಹಳ್ಳಿಗಾಡಿನ ತಂತಿವಾದ್ಯ ಕ್ವಾಟ್ರೊದ ಮೀಟಿನಿಂದ, ಆಮೇಲೆ ಡೆಮ್‌ಬೊ ಎಂಬ, ಆ ಕೇರಿಗಳ ರೆಗ್ಗೆಟೋನ್ ಸಂಗೀತದ ತಾಳ. ‘ನಿಧಾನವಾಗಿ’ ಎಂಬರ್ಥದ ‘ಡೆಸ್ಪಾಸಿಟೊ’ ಪದ ಬಂದಾಗ ಲಯವೇ ತಡವರಿಸಿ ನಿಧಾನಿಸುತ್ತದೆ. ಭಾಷೆ ಬಾರದವರಿಗೂ ಅರ್ಥ ದಾಟಿಸುವ ಈ ಉಪಾಯ ಯಾವ ತಾರೆಯ ಹೆಸರಿಗೂ ಕಾದಿರಲಿಲ್ಲ.

ಹಾಗಿದ್ದರೆ ರೀಮಿಕ್ಸ್ ಬಂದದ್ದೇ ತಡ ಹಾಡು 9ನೇ ಸ್ಥಾನಕ್ಕೆ ಜಿಗಿದದ್ದು ಹೇಗೆ? ಪ್ರಶ್ನೆ ನ್ಯಾಯವಾದದ್ದೇ. ಹಾಟ್ 100 ಮಾರಾಟ ಮತ್ತು ಸ್ಟ್ರೀಮಿಂಗ್ ಜೊತೆಗೆ ರೇಡಿಯೊ ಪ್ರಸಾರವನ್ನೂ ಎಣಿಸುತ್ತದೆ. ಎರಡೂ ರೂಪಗಳ ಲೆಕ್ಕ ಒಂದೇ ಖಾತೆಗೆ ಬಿತ್ತು. ಸ್ಪ್ಯಾನಿಷ್ ಹಾಡಿಗೆ ಬಾಗಿಲು ತೆರೆಯಲು ಹಿಂಜರಿಯುವ ಇಂಗ್ಲಿಷ್ ರೇಡಿಯೊ ಕೇಂದ್ರಗಳಿಗೆ ಬೀಬರ್ ಹೆಸರು ರಹದಾರಿಯಾಯಿತು. ಅಂದರೆ 44ರಿಂದ 9ರವರೆಗಿನ ಅಂತರದಲ್ಲಿ ಹಾಡಿನ ಕೊರತೆಗಿಂತ ಬಾಗಿಲು ಕಾಯುವವರ ಹಳೆಯ ಅಭ್ಯಾಸವೇ ಹೆಚ್ಚು ಕಾಣುತ್ತದೆ. (ನ್ಯೂಯಾರ್ಕ್‌ನ ಕ್ಲಬ್ಬೊಂದರಲ್ಲಿ ಬೀಬರ್ ಸಾಲು ಮರೆತು ತಿಂಡಿಗಳ ಹೆಸರು ತುರುಕಿದರೂ ಹಾಡು ಕದಲಲಿಲ್ಲ.) ಆ ನವೆಂಬರ್‌ನಲ್ಲಿ ಲ್ಯಾಟಿನ್ ಗ್ರ್ಯಾಮಿ ವರ್ಷದ ಹಾಡೆಂಬ ಗೌರವವನ್ನು ಮೂಲಕ್ಕೆ ಕೊಟ್ಟಿತು. ಅದೇ ತಿಂಗಳು ಅಮೆರಿಕದ ಗ್ರ್ಯಾಮಿ ನಾಮನಿರ್ದೇಶನಕ್ಕೆ ಆರಿಸಿಕೊಂಡದ್ದು ಬೀಬರ್ ಇರುವ ರೂಪವನ್ನು, ಮೂರು ವಿಭಾಗಗಳಲ್ಲಿ. ಪ್ರಶಸ್ತಿ ಒಂದೂ ಕೊಡಲಿಲ್ಲ.