ಅಂಗಳದ ಕಾರು ವರ್ಷಕ್ಕೆ ಎಷ್ಟು ತಿನ್ನುತ್ತದೆ?

ಕೃಷಿಕನಿಗೆ ನಿವೃತ್ತಿ ಇಲ್ಲ ಎಂದು ನಾವು ಹೇಳಿಕೊಳ್ಳುವುದುಂಟು. ಹೇಳಲಿಕ್ಕೆ ಚೆಂದ. ಆದರೆ ಅರುವತ್ತೈದು ದಾಟಿ, ಮಕ್ಕಳು ಬೆಂಗಳೂರೋ ಪುಣೆಯೋ ಸೇರಿ, ಅಡಿಕೆ ಕೊಯ್ಲನ್ನು ಗುತ್ತಿಗೆಗೆ ಕೊಟ್ಟು, ಗಂಡ ಹೆಂಡತಿ ಇಬ್ಬರೇ ಉಳಿದ ಮನೆಗಳು ನಮ್ಮ ಸುತ್ತುಮುತ್ತ ಎಷ್ಟು ಬೇಕು? ಇಂಥ ಮನೆಗಳಲ್ಲಿ ಅಕ್ಕಿ, ಸಾಮಾನು, ಬಟ್ಟೆ, ಎಲ್ಲದರ ಖರ್ಚೂ ಕಮ್ಮಿಯಾಗುತ್ತದೆ. ಔಷಧಿಯ ಖರ್ಚು ಏರುತ್ತದೆ, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಏರುವುದು ವಾಹನದ್ದು. ಓಡದೆ ನಿಂತದ್ದಕ್ಕೂ ಅದು ಹಣ ಕೇಳುತ್ತದೆ.

ನಮ್ಮದು ಹದಿನಾಲ್ಕು ವರ್ಷದ ಪೆಟ್ರೋಲ್ ಕಾರು, 1200 ಸಿಸಿ ಒಳಗಿನದ್ದು. ಪೇಟೆ, ಬ್ಯಾಂಕು, ಆಸ್ಪತ್ರೆ, ನೆಂಟರ ಮನೆಯ ಪೂಜೆ, ಸೊಸೈಟಿಯ ಮಹಾಸಭೆ ಎಲ್ಲ ಸೇರಿ ಕಳೆದ ವರ್ಷ ಓಡಿದ್ದು 2,800 ಕಿಲೋಮೀಟರ್. ಡೈರಿಯಲ್ಲಿ ಬರೆದಿಟ್ಟ ಲೆಕ್ಕ ಇಲ್ಲಿದೆ. ಪೆಟ್ರೋಲ್ ಲೀಟರಿಗೆ 16 ಕಿ.ಮೀ.ಯಂತೆ 175 ಲೀಟರ್, 103 ರೂಪಾಯಿ ಹಿಡಿದರೆ 18,025 ರೂ. ಇಷ್ಟನ್ನೇ ನಾವು 'ಕಾರಿನ ಖರ್ಚು' ಎಂದು ತಿಳಿಯುತ್ತೇವೆ. ಇನ್ನುಳಿದದ್ದು ನೋಡಿ. ಇನ್ಶೂರೆನ್ಸ್ 6,473. ಸರ್ವಿಸ್ 7,500. ಬ್ಯಾಟರಿ ಮೂರು ನಾಲ್ಕು ವರ್ಷಕ್ಕೊಮ್ಮೆ ಹೋಗುತ್ತದೆ, ಹೆಚ್ಚು ಓಡದ ಗಾಡಿಯಲ್ಲಿ ಬೇಗ ಹೋಗುತ್ತದೆ. ವರ್ಷಕ್ಕೆ 1,300 ಹಿಡಿದಿದ್ದೇನೆ. ಟಯರು ಸವೆಯುವ ಮೊದಲೇ ಬಿರುಕು ಬಿಡುತ್ತದೆ, ಐದಾರು ವರ್ಷಕ್ಕೆ ಬದಲಿಸಲೇಬೇಕು. ಅದರ ಪಾಲು 3,200. ಚಿಲ್ಲರೆ ರಿಪೇರಿ 3,000. (ಇದರಲ್ಲಿ ಮುಕ್ಕಾಲು ಪಾಲು ಇಲಿ ವಯರು ಕಡಿದದ್ದಕ್ಕೆ. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಕಾರು ಇಡುವವರಿಗೆ ಹೆಚ್ಚು ಹೇಳಬೇಕಾಗಿಲ್ಲ.) ಹದಿನೈದು ವರ್ಷ ತುಂಬಿದಾಗ ಕೊಡಬೇಕಾದ ಮರುನೋಂದಣಿ ಶುಲ್ಕದ ಪಾಲು 1,000. ಪೆಟ್ರೋಲ್ ಬಿಟ್ಟು ಕೈಯಿಂದ ಹೋದದ್ದು 22,473 ರೂ. ಕಾರಿನ ಬೆಲೆ ವರ್ಷಕ್ಕೆ ಹದಿನೈದು ಸಾವಿರವಾದರೂ ಇಳಿಯುತ್ತದೆ, ಅದನ್ನೂ ಸೇರಿಸಿದರೆ 37,473.

ಇದನ್ನು 2,800ರಿಂದ ಭಾಗಿಸಿ. ಕಿಲೋಮೀಟರಿಗೆ 13 ರೂ. 38 ಪೈಸೆ. ಪೆಟ್ರೋಲ್ ಸೇರಿದರೆ 19 ರೂ. 82 ಪೈಸೆ. ನಮ್ಮೂರ ಬಾಡಿಗೆ ಕಾರಿನವರು ಹೋಗುವ ಬರುವ ದಾರಿ ಎರಡೂ ಲೆಕ್ಕ ಹಾಕಿ ಕಿಲೋಮೀಟರಿಗೆ 20 ರೂಪಾಯಿ ತೆಗೆದುಕೊಳ್ಳುತ್ತಾರೆ. ಅಂದರೆ ಹೆಚ್ಚುಕಮ್ಮಿ ಸಮ.

ಮುಂದಿನದ್ದು ಮುಖ್ಯ. ವಯಸ್ಸಾದ ಹಾಗೆ ನಾವು ಕಾರು ತೆಗೆಯುವುದು ಕಮ್ಮಿಯಾಗುತ್ತದೆ. ರಾತ್ರಿ ಎದುರಿನ ಲೈಟು ಕಣ್ಣಿಗೆ ಹೊಡೆಯುತ್ತದೆ, ಮಳೆಗಾಲದ ಮಣ್ಣು ರಸ್ತೆ ಬೇಡ ಅನಿಸುತ್ತದೆ. 'ಓಡಿಸುವುದು ಕಮ್ಮಿ, ಹಾಗಾಗಿ ಖರ್ಚೂ ಕಮ್ಮಿ' ಎಂದುಕೊಳ್ಳುತ್ತೇವೆ. ಓಟ 1,500 ಕಿ.ಮೀ.ಗೆ ಇಳಿದರೆ ಅದೇ 37 ಸಾವಿರ ಕಿಲೋಮೀಟರಿಗೆ 25 ರೂಪಾಯಿ ಆಗುತ್ತದೆ, ಪೆಟ್ರೋಲ್ ಬೇರೆ. ಮೂವತ್ತೊಂದು ರೂಪಾಯಿ ದಾಟಿತು. ಆ ಹಣಕ್ಕೆ ಬಾಡಿಗೆ ಕಾರಿನಲ್ಲಿ ಒಂದೂವರೆ ಪಟ್ಟು ದೂರ ಹೋಗಿ ಬರಬಹುದು. ನಿಮ್ಮ ಮನೆಯ ಅಂಕಿ ಬೇರೆ ಇದ್ದೀತು, ಲೆಕ್ಕದ ದಾರಿ ಇದೇ.

ಪ್ರೀಮಿಯಂ ಯಾಕೆ ಇಳಿಯುವುದಿಲ್ಲ?

ಕಾರು ಹಳತಾದರೆ ಇನ್ಶೂರೆನ್ಸ್ ಇಳಿಯಬೇಕಲ್ಲ ಎಂದು ಹಲವರು ಕೇಳುತ್ತಾರೆ. ಪಾಲಿಸಿಯಲ್ಲಿ ಎರಡು ಭಾಗ. ಒಂದು ನಮ್ಮ ವಾಹನಕ್ಕೇ ಆಗುವ ಹಾನಿಯದ್ದು. ವಾಹನದ ಬೆಲೆ ಇಳಿದ ಹಾಗೆ ಇದು ಇಳಿಯುತ್ತದೆ. ಇನ್ನೊಂದು ಥರ್ಡ್ ಪಾರ್ಟಿ, ಅಂದರೆ ನಮ್ಮ ವಾಹನದಿಂದ ಬೇರೆಯವರಿಗೆ ಆದ ಹಾನಿಯದ್ದು. ಇದು ಕಾಯಿದೆ ಪ್ರಕಾರ ಕಡ್ಡಾಯ. ಇದರ ದರವನ್ನು ಕಂಪೆನಿ ನಿಗದಿ ಮಾಡುವುದಲ್ಲ, ಕೇಂದ್ರ ಸರಕಾರ. ವಾಹನದ ಬೆಲೆ, ಎಷ್ಟು ಓಡಿತು, ಓಡಿಸುವವನ ವಯಸ್ಸು ಯಾವುದನ್ನೂ ಇದು ನೋಡುವುದಿಲ್ಲ. ಎಂಜಿನ್ ಎಷ್ಟು ಸಿಸಿ, ಅಷ್ಟೆ. ಹೊಸ ಕಾರಿಗೂ ಹದಿನಾಲ್ಕು ವರ್ಷದ್ದಕ್ಕೂ ಒಂದೇ ದರ.

1000ದಿಂದ 1500 ಸಿಸಿ ಕಾರಿಗೆ 2018-19ರಲ್ಲಿ ಇದು 2,863 ರೂ. ಇತ್ತು. 2019ರಲ್ಲಿ 3,221 ಆಯಿತು. 2022ರ ಜೂನ್ 1ರಿಂದ 3,416. ಸಾವಿರ ಸಿಸಿ ಒಳಗಿನದ್ದಕ್ಕೆ ಆಗ ನಿಗದಿಯಾದದ್ದು 2,094. ಇದರ ಮೇಲೆ ಶೇ. 18 ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ತೆಗೆದರು, ಒಳ್ಳೆಯದಾಯಿತು. ಕಾರು ಸ್ಕೂಟರಿನ ವಿಮೆಗೆ ಆ ಭಾಗ್ಯ ಬರಲಿಲ್ಲ.

ಜೀಪು ಇಟ್ಟುಕೊಂಡವರ ಪಾಡು ಇನ್ನೂ ಬಿಗಿ. ತೋಟಕ್ಕೆ ಗೊಬ್ಬರ ತರಲಿಕ್ಕೆ, ಮಳೆಗಾಲದಲ್ಲಿ ಹೊಳೆ ದಾಟಲಿಕ್ಕೆ ಎಂದು ತೆಗೆದ ಡೀಸೆಲ್ ಜೀಪು ಎಷ್ಟೋ ಮನೆಯ ಶೆಡ್ಡಿನಲ್ಲಿ ಈಗಲೂ ಉಂಟು. 1500 ಸಿಸಿ ದಾಟಿದ್ದರಿಂದ ಖಾಸಗಿ ನೋಂದಣಿಯ ಜೀಪಿಗೆ 2022ರ ದರದಲ್ಲಿ ಥರ್ಡ್ ಪಾರ್ಟಿಯೇ 7,897, ಜಿಎಸ್‌ಟಿ ಸೇರಿ 9,318 ರೂ. ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡಿ ನಿಲ್ಲಿಸುವ ಗಾಡಿಗೆ ಇಷ್ಟು. ಮರುನೋಂದಣಿಯೂ ದುಬಾರಿಯಾಗಿದೆ. ಹದಿನೈದು ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕಲ್ಲ, ಅದಕ್ಕೆ ಕಾರು ಜೀಪಿಗೆ ಮೊದಲು 600 ರೂ. ಇತ್ತು. 2022ರ ಏಪ್ರಿಲ್‌ನಿಂದ 5,000. ಬೈಕು ಸ್ಕೂಟರಿಗೆ 300 ಇದ್ದದ್ದು 1,000. 2025ರ ಆಗಸ್ಟ್‌ನಲ್ಲಿ ಬಂದ ನಿಯಮದಂತೆ ಇಪ್ಪತ್ತು ವರ್ಷ ದಾಟಿದ ಕಾರು ಜೀಪಿಗೆ 10,000, ದ್ವಿಚಕ್ರಕ್ಕೆ 2,000. ಅರ್ಜಿ ತಡವಾದರೆ ತಿಂಗಳ ಲೆಕ್ಕದಲ್ಲಿ ದಂಡವೂ ಬೀಳುತ್ತದೆ. ಅಜ್ಜನ ಕಾಲದ ಜೀಪು, ಮಾರಲಿಕ್ಕೆ ಮನಸ್ಸಿಲ್ಲ ಎನ್ನುವವರ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಆ ಮನಸ್ಸಿನ ಕ್ರಯ ಎಷ್ಟೆಂದು ಒಮ್ಮೆ ಬರೆದು ನೋಡುವುದರಲ್ಲಿ ತಪ್ಪಿಲ್ಲ.

ಅಗ್ಗದ ಪಾಲಿಸಿಯ ಅಪಾಯ

ಖರ್ಚು ಏರಿದಾಗ ಮೊದಲು ಹೊಳೆಯುವ ಉಪಾಯ, 'ಫುಲ್ ಇನ್ಶೂರೆನ್ಸ್ ಬೇಡ, ಥರ್ಡ್ ಪಾರ್ಟಿ ಮಾತ್ರ ಸಾಕು.' ಹಳೆ ಸ್ಕೂಟರಿಗಂತೂ ಎಲ್ಲರೂ ಮಾಡುವುದು ಇದನ್ನೇ. ಇಲ್ಲಿ ಒಂದು ಸಂಗತಿ ತಿಳಿದಿರಬೇಕು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವ ಸ್ಕೂಟರಿನ ಹಿಂದೆ ಕುಳಿತವರು ಆ ಪಾಲಿಸಿಯೊಳಗೆ ಬರುವುದಿಲ್ಲ ಎಂದು 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಿಂದೆ ಕೂರುವುದು ಯಾರು? ನಮ್ಮ ಮನೆಯವಳೇ. ಗಂಡ ಓಡಿಸಿ, ಸ್ಕೂಟರ್ ಸ್ಕಿಡ್ ಆಗಿ, ಹಿಂದೆ ಇದ್ದವರ ಸೊಂಟದ ಮೂಳೆ ಮುರಿದರೆ ಇನ್ಶೂರೆನ್ಸ್ ಇತ್ತಲ್ಲ ಎಂದು ಹೋಗಿ ಪ್ರಯೋಜನವಿಲ್ಲ. ಪ್ಯಾಕೇಜ್ ಪಾಲಿಸಿಯಲ್ಲಾದರೆ ಹಿಂದೆ ಕುಳಿತವರೂ ಕಾರಿನೊಳಗಿನವರೂ ಒಳಪಡುತ್ತಾರೆ, 2009ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವೇ ಇದನ್ನು ಸ್ಪಷ್ಟಪಡಿಸಿದೆ. ಇಬ್ಬರೂ ಅರುವತ್ತು ದಾಟಿ ಜೊತೆಯಾಗಿ ಸ್ಕೂಟರಿನಲ್ಲಿ ತಿರುಗುವವರು ಉಳಿಸುವ ಆ ಕೆಲವು ನೂರು ರೂಪಾಯಿ ಯಾವುದಕ್ಕೆ ಸಮ ಎಂದು ಯೋಚಿಸಬೇಕು.

ಇದೇ ಜಾತಿಯ ಇನ್ನೊಂದು: ಪಿಕಪ್ಪಿನ ಹಿಂದೆ, ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಜನ ಕೂರಿಸಿಕೊಂಡು ಹೋಗುವುದು. ಸಾಮಾನಿನ ಗಾಡಿಯಲ್ಲಿ ಪುಕ್ಕಟೆ ಹತ್ತಿಸಿಕೊಂಡವರಿಗೆ ಏನಾದರೂ ಆದರೆ ಕಂಪೆನಿ ಹೊಣೆಯಲ್ಲ. ಪರಿಹಾರ ಕೊಡಬೇಕಾದವನು ಮಾಲೀಕ. ಎಪ್ಪತ್ತನೇ ವಯಸ್ಸಿನಲ್ಲಿ ಅಷ್ಟು ದೊಡ್ಡ ಮೊತ್ತ ತೋಟ ಅಡವಿಟ್ಟೇ ಹೊಂದಿಸಬೇಕಾದೀತು.

ಉಳಿಸಲಿಕ್ಕೆ ಆಗುವುದು ಎಲ್ಲಿ?

ಕ್ಲೇಮ್ ಮಾಡದೆ ಇದ್ದವರಿಗೆ 'ನೋ ಕ್ಲೇಮ್ ಬೋನಸ್' ಉಂಟು. ಮೊದಲ ವರ್ಷ ಶೇ. 20, ಐದು ವರ್ಷ ಸತತ ಇದ್ದರೆ ಶೇ. 50. ಸಣ್ಣ ಗೀರಿಗೆ, ಒಂದು ಕನ್ನಡಿಗೆ ಕ್ಲೇಮ್ ಮಾಡಿ ಇದನ್ನು ಕಳಕೊಳ್ಳಬಾರದು. ಇದು ಸಿಕ್ಕುವುದು ಸ್ವಂತ ಹಾನಿಯ ಭಾಗಕ್ಕೆ ಮಾತ್ರ, ಥರ್ಡ್ ಪಾರ್ಟಿಗೆ ಇಲ್ಲ. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಬೋನಸ್ ಹೋಯಿತು. ಬೋನಸ್ ಸೇರಿರುವುದು ಮಾಲೀಕನಿಗೆ, ಕಾರಿಗಲ್ಲ. ಕಾರು ಮಾರಿದಾಗ ಕಂಪೆನಿಯಿಂದ ಪತ್ರ ತೆಗೆದಿಟ್ಟುಕೊಂಡರೆ ಮೂರು ವರ್ಷದೊಳಗೆ ತೆಗೆದ ಬೇರೆ ಕಾರಿಗೆ ಬಳಸಬಹುದು.

ಮಾಲೀಕ-ಚಾಲಕನ 15 ಲಕ್ಷದ ಅಪಘಾತ ವಿಮೆಯನ್ನು ಕಾರಿಗೂ ಸ್ಕೂಟರಿಗೂ ಬೇರೆ ಬೇರೆ ಹಾಕಿಬಿಡುತ್ತಾರೆ. ಒಬ್ಬ ಮಾಲೀಕನಿಗೆ ಒಂದೇ ಸಾಕು, ಉಳಿದದ್ದಕ್ಕೆ ಬೇಡ ಎಂದು ಹೇಳಬೇಕು. ಲೈಸೆನ್ಸೇ ಇಲ್ಲದ ಮಾಲೀಕನಿಗೆ ಇದು ಅನ್ವಯಿಸುವುದೂ ಇಲ್ಲ. ಡ್ರೈವಿಂಗ್ ಬಿಟ್ಟು, ಲೈಸೆನ್ಸ್ ಅವಧಿಯೂ ಮುಗಿದು, ಮಗ ಬಂದಾಗ ಮಾತ್ರ ಕಾರು ತೆಗೆಯುವ ಮನೆಯವರು ಪಾಲಿಸಿಯ ಹಾಳೆಯಲ್ಲಿ ಈ ಸಾಲನ್ನು ಹುಡುಕಿ ನೋಡಿ. ಓಡಿದಷ್ಟಕ್ಕೆ ಕಂತು ಕಟ್ಟುವ ಸೌಲಭ್ಯಕ್ಕೆ 2022ರ ಜುಲೈಯಲ್ಲಿ ಪ್ರಾಧಿಕಾರ ಅನುಮತಿ ಕೊಟ್ಟಿದೆ. ಕಮ್ಮಿ ಓಡಿಸುವ ನಮ್ಮಂಥವರು ಏಜೆಂಟರಲ್ಲಿ ಕೇಳಬೇಕು. ಕೇಳದಿದ್ದರೆ ಅವರಾಗಿ ಹೇಳುವುದು ಅಪರೂಪ.

ಬಸ್ಸನ್ನೂ ಮರೆಯಬೇಡಿ. 2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸು ಉಚಿತವಾಯಿತು. ಅರುವತ್ತು ದಾಟಿದವರಿಗೆ ಕೆಎಸ್‌ಆರ್‌ಟಿಸಿಯಲ್ಲಿ ಶೇ. 25 ರಿಯಾಯಿತಿ ಉಂಟು. ಆದರೆ ಬಸ್ಸು ಬರುವ ರಸ್ತೆಗೆ ಎರಡು ಕಿಲೋಮೀಟರ್ ಗುಡ್ಡ ಹತ್ತಬೇಕಾದ ಮನೆಗೆ ಈ ಸೌಲಭ್ಯ ಇದ್ದೂ ಇಲ್ಲದ ಹಾಗೆ. ಅರ್ಧರಾತ್ರಿ ಎದೆನೋವು ಬಂದರೆ ಎಂಬ ಹೆದರಿಕೆಗೇ ಹೆಚ್ಚಿನವರು ಕಾರು ಇಟ್ಟುಕೊಳ್ಳುವುದು. ನ್ಯಾಯವೇ. ಆದರೆ ಆ ಹೊತ್ತಿನಲ್ಲಿ ಅದನ್ನು ಓಡಿಸುವವರು ಯಾರು? ಎದೆನೋವು ಬಂದವನೇ ಮನೆಯ ಒಬ್ಬನೇ ಡ್ರೈವರ್ ಆದರೆ ಅಂಗಳದ ಕಾರಿಗಿಂತ ನೆರೆಮನೆಯ ಹುಡುಗನ ಫೋನ್ ನಂಬರ್ ಹೆಚ್ಚು ಉಪಕಾರಕ್ಕೆ ಬರುತ್ತದೆ. ಆ ಹುಡುಗನಲ್ಲಿ ಮೊದಲೇ ಮಾತಾಡಿ, ಕಾರಿನ ಕೀ ಎಲ್ಲಿರುತ್ತದೆ ಎಂದೂ ತಿಳಿಸಿಡಬೇಕು. 108ಕ್ಕೆ ಮನೆಯ ದಾರಿ ಹೇಳಲಿಕ್ಕೆ ಹೆಂಗಸರಿಗೂ ಗೊತ್ತಿರಬೇಕು.

ಕೊಟ್ಟರೆ ಪೂರ್ತಿ ಕೊಡಿ

ಮಾರುವುದೆಂದು ತೀರ್ಮಾನಿಸಿದವರು ಗಮನಿಸಬೇಕಾದದ್ದು ಹೆಸರು ಬದಲಾವಣೆ. 'ನಮ್ಮ ಕೆಲಸದ ಹುಡುಗನೇ ಅಲ್ಲವೋ, ತೆಗೆದುಕೊಂಡು ಹೋಗಲಿ, ಆರ್‌ಸಿ ಮತ್ತೆ ನೋಡುವ' ಎಂದು ಹಳೆ ಬೈಕು ಕೊಟ್ಟುಬಿಡುವುದು ನಮ್ಮಲ್ಲಿ ಸಾಮಾನ್ಯ. ಆರ್‌ಸಿಯಲ್ಲಿ ಯಾರ ಹೆಸರು ಉಂಟೋ ಅವನೇ ಮಾಲೀಕ, ವಾಹನ ಎಷ್ಟು ಕೈ ಬದಲಾಗಿದ್ದರೂ ಪರಿಹಾರದ ಹೊಣೆ ಅವನದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಕೈಯಿಂದ ಕೈಗೆ ಹೋಗಿದ್ದ ಕಾರು 2009ರಲ್ಲಿ ಮಾಡಿದ ಅಪಘಾತದ ಪ್ರಕರಣ ಅದು. ಮೊದಲು ಮಾರಿದವನ ತಲೆಗೇ ಬಂತು. ಹಾಗಾಗಿ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟು ಕೂರುವುದಲ್ಲ. ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಹೆಸರು ಬದಲಾದದ್ದನ್ನು ಕಣ್ಣಾರೆ ನೋಡಬೇಕು.

ಇಟ್ಟುಕೊಳ್ಳುವವರು ಲೈಸೆನ್ಸಿನ ತಾರೀಕು ನೋಡಿ. 55 ದಾಟಿದವರಿಗೆ ಒಮ್ಮೆಗೆ ಐದೇ ವರ್ಷ ಸಿಕ್ಕುವುದು, ಪ್ರತಿ ಸಲ ಡಾಕ್ಟರ ಸರ್ಟಿಫಿಕೇಟು ಬೇಕು. ಮುಗಿದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಪುನಃ ಡ್ರೈವಿಂಗ್ ಪರೀಕ್ಷೆ. ಲೈಸೆನ್ಸ್ ಮುಗಿದಿರುವಾಗ ಅಪಘಾತವಾದರೆ ಕಂಪೆನಿ ಎದುರಿನವರಿಗೆ ಹಣ ಕೊಟ್ಟರೂ ಅದನ್ನು ನಮ್ಮಿಂದ ವಸೂಲಿ ಮಾಡಬಹುದು. ಹತ್ತಾರು ವರ್ಷ ಕಂತು ಕಟ್ಟಿದ್ದು ಆಗ ಉಪಯೋಗಕ್ಕೆ ಬರುವುದಿಲ್ಲ.

ಇನ್ನೊಂದು, ಮನೆಯಲ್ಲಿ ಮಾತಾಡಲಿಕ್ಕೆ ಯಾರಿಗೂ ಇಷ್ಟವಿಲ್ಲದ ವಿಷಯ. ಮಾಲೀಕ ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. ಉತ್ತರಕ್ರಿಯೆ, ಜಮೀನಿನ ದಾಖಲೆಗಳ ಓಡಾಟದಲ್ಲಿ ಕಾರು ಯಾರ ನೆನಪಿಗೂ ಬರುವುದಿಲ್ಲ. 2021ರಿಂದ ಆರ್‌ಸಿಯಲ್ಲೇ ನಾಮಿನಿ ಹೆಸರು ಸೇರಿಸುವ ಅವಕಾಶ ಉಂಟು. ಮುಂದಿನ ಸಲ ಆರ್‌ಟಿಒ ಕಡೆ ಹೋಗುವಾಗ ಆ ಕೆಲಸವನ್ನೂ ಮುಗಿಸಿ ಬನ್ನಿ, ಆರ್‌ಸಿ ಮತ್ತು ಪಾಲಿಸಿ ಇರುವ ಜಾಗವನ್ನು ಮನೆಯವರಿಗೆ ತೋರಿಸಿಡಿ.